ಬಿತ್ತಿದ ಹೂಬಯಲು: ಜೇನಿಗೋ, ನಮ್ಮ ಕಣ್ಣಿಗೋ?

ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ ಬೀದಿದೀಪದ ಕೆಳಗೆ ನಿಂತು ನೋಡಿ. ಮಣ್ಣಿನಿಂದ ಎದ್ದ ಈಸಲು ಹುಳುಗಳು ಸಾವಿರಗಟ್ಟಲೆ ದೀಪಕ್ಕೆ ಮುತ್ತಿರುತ್ತವೆ. ಹತ್ತು ಮಾರು ಆಚೆಯ ಕತ್ತಲಲ್ಲಿ ಒಂದೂ ಕಾಣದು. ಹಾಗೆಂದು ‘ಬೀದಿದೀಪ ಹಾಕಿದ್ದರಿಂದ ಊರಿನಲ್ಲಿ ಈಸಲು ಹೆಚ್ಚಿತು’ ಎಂದು ಯಾರೂ ಹೇಳುವುದಿಲ್ಲ. ದೀಪ ಅವನ್ನು ಸೆಳೆಯಿತು, ಅಷ್ಟೆ. ಹುಟ್ಟಿಸಿದ್ದು ಹುತ್ತ.

ಉದ್ಯಾನದ ಒಂದು ಮೂಲೆಯಲ್ಲಿ ಹೂವಿನ ಬೀಜ ಬಿತ್ತಿ, ಅಲ್ಲಿಗೆ ಜೇನ್ನೊಣ ಮುತ್ತಿದ್ದನ್ನು ಕಂಡಾಗ ಮಾತ್ರ ಈ ವಿವೇಕ ನಮಗೆ ಮರೆತುಹೋಗುತ್ತದೆ. ‘ಜೇನು ಹೆಚ್ಚಾಯಿತು’ ಎಂದುಬಿಡುತ್ತೇವೆ. ನಾನೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರನಾಗಿದ್ದೆ. ಹೂಪಾತಿಗೆ ಬಂದ ಜೇನ್ನೊಣಗಳನ್ನೂ ಪಕ್ಕದ ಕತ್ತರಿಸಿದ ಹುಲ್ಲುಹಾಸಿಗೆ ಬಂದವನ್ನೂ ಎಣಿಸಿ, ಎರಡು ಕಂಬಗಳ ಚಿತ್ರ ಬರೆದಿದ್ದ ಮಕ್ಕಳಿಗೆ ಸಂತೋಷದಿಂದ ಬಹುಮಾನ ಸೂಚಿಸಿದೆ. ಪಕ್ಕದ ಮಳಿಗೆಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಸಾರ್, ಆ ಜೇನ್ನೊಣ ಅದಕ್ಕೆ ಮುಂಚೆ ಎಲ್ಲಿದ್ವು?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಪಟ್ಟಣದ ಉದ್ಯಾನಗಳಲ್ಲಿ ಜೇನಿಗಾಗಿ ‘ಕಾಡುಹೂಗಳ ಬಯಲು’ ಬೆಳೆಸಬೇಕು ಎಂಬ ಸಲಹೆ ಈಗ ಆಗಾಗ ಕೇಳಿಬರುತ್ತದೆ. ಸದುದ್ದೇಶದ ಸಲಹೆ, ತಳ್ಳಿಹಾಕಬೇಕಾದ್ದಲ್ಲ, ತೂಗಿ ನೋಡಬೇಕಾದ್ದು. ತೂಗುವುದಕ್ಕೆ ನಾಲ್ಕು ಊರುಗಳನ್ನು ಎದುರಿಗೆ ಇಟ್ಟುಕೊಳ್ಳೋಣ: ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು. ಸೂಳೆಕೆರೆಯ ನೀರು ಮತ್ತು ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಮಲೆನಾಡ ಸೆರಗಿನ ನ್ಯಾಮತಿ, ಮಳೆ ಕಡಿಮೆಯಾದ ಕುರುಚಲು ಬಯಲಿನ ಜಗಳೂರು. ಒಂದೇ ಜಿಲ್ಲೆಯಾದರೂ ನೆಲ, ನೀರು, ಬೆಳೆ ಬೇರೆ ಬೇರೆ. ಒಂದೇ ಬೀಜದ ಪೊಟ್ಟಣ ಈ ನಾಲ್ಕೂ ಊರಿಗೆ ಹೊಂದೀತೆ?

ಕಲ್ಪನೆ ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ ‘ಮೆಡೋ’ ಎಂದರೆ ಮೇವಿಗಾಗಿ ಕಾಪಾಡಿದ ಹುಲ್ಲುಗಾವಲು. ವಸಂತದಲ್ಲಿ ದನ ಬಿಡದೆ ಹುಲ್ಲು ಬೆಳೆಯಗೊಟ್ಟು, ಬೇಸಿಗೆಯ ನಡುವೆ ಕೊಯ್ದು ಒಣಗಿಸಿ, ಆಮೇಲೆ ಮೇಯಲು ಬಿಡುವುದು ಅಲ್ಲಿಯ ವಾಡಿಕೆ. ನೂರಾರು ವರ್ಷ ಹೀಗೆ ಗೊಬ್ಬರವಿಲ್ಲದ ಬಡ ಮಣ್ಣಿನಲ್ಲಿ ಕೊಯ್ದೂ ಮೇಯಿಸಿಯೂ ಬಂದದ್ದರಿಂದ ಹುಲ್ಲಿನ ಅಬ್ಬರ ಅಡಗಿ ಹೂಗಿಡಗಳಿಗೆ ಎಡೆ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ತಗ್ಗುನಾಡಿನ ಇಂಥ ಹುಲ್ಲುಗಾವಲುಗಳಲ್ಲಿ ಶೇಕಡಾ 97ರಷ್ಟು 1930ರ ದಶಕದಿಂದ 1980ರ ದಶಕದೊಳಗೆ ಅಳಿದವೆಂದು ಅಲ್ಲಿಯ ಅಂದಾಜು. ಕಳೆದುಹೋದದ್ದನ್ನು ತುಸುವಾದರೂ ಮರಳಿ ತರುವ ಹಂಬಲ ಅವರದು. 2012ರ ಲಂಡನ್ ಒಲಿಂಪಿಕ್ ಉದ್ಯಾನದಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದ ನೈಜೆಲ್ ಡನೆಟ್ ಮತ್ತು ಜೇಮ್ಸ್ ಹಿಚ್‌ಮೊ ಬಿತ್ತಿಸಿದ ಹೂಬಯಲು ಕ್ರೀಡಾಕೂಟದ ಹೊತ್ತಿಗೆ ಸರಿಯಾಗಿ ಅರಳಿ ಜಗತ್ತಿನ ಕಣ್ಣು ಸೆಳೆಯಿತು.

ಬಿತ್ತನೆಯಿಂದ ಲಾಭವಿದೆ ಎನ್ನಲು ಪುರಾವೆಯೂ ಉಂಟು. ಸ್ಕಾಟ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಟ್ಟಣದ ಹುಲ್ಲುಹಾಸುಗಳ ನಡುವೆ ಬಿತ್ತಿದ ಹೂಪಾತಿಗಳಲ್ಲಿ ಹೂಗಳು 25 ಪಟ್ಟು, ಬಂಬಲ್ ದುಂಬಿಗಳು 50 ಪಟ್ಟು ಹೆಚ್ಚು ಕಂಡವು. ಐವತ್ತು ಪಟ್ಟು! ಕೇಳಿದೊಡನೆ ಬೀಜ ತರಿಸೋಣ ಎನಿಸುತ್ತದೆ.

ಆದರೆ ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹೋಲಿಕೆ ಯಾವುದರೊಡನೆ? ಕತ್ತರಿಸಿದ ಹುಲ್ಲುಹಾಸಿನೊಡನೆ. ಛೇದ ಸೊನ್ನೆಯ ಹತ್ತಿರವಿದ್ದರೆ ಭಾಗಲಬ್ಧ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ. ಎರಡನೆಯದು, ಎಣಿಸಿದ್ದು ಹೂವಿಗೆ ಭೇಟಿಯಿತ್ತ ದುಂಬಿಗಳನ್ನು, ಹೊಸದಾಗಿ ಹುಟ್ಟಿದವನ್ನಲ್ಲ. ಅಧ್ಯಯನದ ತಪ್ಪು ಇದರಲ್ಲಿ ಇಲ್ಲ, ಅದು ಕೇಳಿದ ಪ್ರಶ್ನೆಯೇ ಅದು. ಆಕರ್ಷಣೆಯ ಅಂಕಿಯನ್ನು ವೃದ್ಧಿಯ ಅಂಕಿಯೆಂದು ಓದಿದರೆ ತಪ್ಪು ಓದಿದವರದು. ಮೇಲಾಗಿ, ಆ ಬಂಬಲ್ ದುಂಬಿಗಳು ನಮ್ಮ ಬಯಲುಸೀಮೆಯಲ್ಲಿ ಇಲ್ಲವೇ ಇಲ್ಲ. ಭಾರತದಲ್ಲಿ ಅವುಗಳ ನೆಲೆ ಮುಖ್ಯವಾಗಿ ಹಿಮಾಲಯ.

ಸ್ಥೂಲ ಲೆಕ್ಕ

ಈಗ ಪಟ್ಟಣದ ಉದ್ಯಾನವೊಂದರಲ್ಲಿ 1000 ಚದರ ಮೀಟರ್, ಅಂದರೆ ಸುಮಾರು ಕಾಲು ಎಕರೆ, ಹೂಬಯಲು ಬಿತ್ತಿದೆವೆಂದು ಇಟ್ಟುಕೊಳ್ಳಿ. ತುಡುವೆ ಜೇನಿನ ಕುಟುಂಬವೊಂದು ಒಂದು ಕಿಲೋಮೀಟರ್ ಫಾಸಲೆಯಲ್ಲಿ ಮೇವು ಹುಡುಕುತ್ತದೆ ಎನ್ನೋಣ. ಹೆಜ್ಜೇನು ಇದಕ್ಕಿಂತ ದೂರ ಹೋಗಬಲ್ಲುದು. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 3.14 ಚದರ ಕಿಲೋಮೀಟರ್, ಎಂದರೆ 314 ಹೆಕ್ಟೇರ್. ನಮ್ಮ ಹೂಬಯಲು ಅದರಲ್ಲಿ 3140ನೇ ಒಂದು ಭಾಗ. ಉಳಿದ 3139 ಭಾಗಗಳಲ್ಲಿ ಏನಿದೆ ಎಂಬುದೇ ಆ ಕುಟುಂಬದ ಹಣೆಬರಹ. ಸುತ್ತ ಬರೀ ಡಾಂಬರು, ಕಾಂಕ್ರೀಟು ಆದರೆ ಕಾಲು ಎಕರೆಗೂ ಬೆಲೆ ಬರುತ್ತದೆ, ನಿಜ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮಾತ್ರ ಎತ್ತ ನಡೆದರೂ ಒಂದೆರಡು ಕಿಲೋಮೀಟರಿನಲ್ಲಿ ಹೊಲ ಸಿಗುತ್ತದೆ.

ಶಕ್ತಿಯ ಲೆಕ್ಕವನ್ನೂ ಮಾಡೋಣ. ಯುರೋಪಿನ ಜೇನ್ನೊಣಕ್ಕೆ ದೊರೆತಿರುವ ಅಳತೆಗಳನ್ನು ಆಧರಿಸಿದರೆ, ಒಂದು ಹೊರೆಯಲ್ಲಿ 30 ಮಿಲಿಗ್ರಾಂ ಮಕರಂದ. ಅದರಲ್ಲಿ ಶೇಕಡಾ 40 ಸಕ್ಕರೆಯಿದ್ದರೆ 12 ಮಿಲಿಗ್ರಾಂ. ಮಿಲಿಗ್ರಾಂಗೆ 16 ಜೂಲ್‌ನಂತೆ ಸುಮಾರು 190 ಜೂಲ್. ಹಾರಾಟಕ್ಕೆ ಬೇಕಾದ ಸಾಮರ್ಥ್ಯ ಸುಮಾರು 0.05 ವಾಟ್, ವೇಗ ಸೆಕೆಂಡಿಗೆ 7 ಮೀಟರ್. ಒಂದು ಕಿಲೋಮೀಟರ್ ಹೋಗಿ ಬರಲು 286 ಸೆಕೆಂಡು, ಖರ್ಚು ಸುಮಾರು 14 ಜೂಲ್. ಗಳಿಕೆ 190, ದಾರಿಖರ್ಚು 14! ನಮ್ಮ ತುಡುವೆ ಗಾತ್ರದಲ್ಲಿ ಚಿಕ್ಕದು, ಅಂಕಿಗಳು ಕೊಂಚ ಬದಲಾಗುತ್ತವೆ, ತಾತ್ಪರ್ಯ ಬದಲಾಗುವುದಿಲ್ಲ. ಹೂವು ಹತ್ತಿರವಿದೆಯೋ ದೂರವಿದೆಯೋ ಎನ್ನುವುದಕ್ಕಿಂತ ಒಂದೊಂದು ಹೂವಿನಲ್ಲಿ ಎಷ್ಟು ಮಕರಂದವಿದೆ ಎನ್ನುವುದು ಮುಖ್ಯ. ಹೂವಿಗೆ 0.3 ಮಿಲಿಗ್ರಾಂ ಸಿಕ್ಕರೆ 100 ಹೂಗಳಲ್ಲಿ ಹೊರೆ ತುಂಬುತ್ತದೆ, 0.03 ಸಿಕ್ಕರೆ 1000 ಹೂ ಸುತ್ತಬೇಕು. ಬಣ್ಣದ ಬಯಲು ಬೇರೆ, ಮಕರಂದದ ಬಯಲು ಬೇರೆ.

ಯಾರ ಕಣ್ಣಿಗೆ ಚೆಲುವು?

ಜೇನ್ನೊಣಕ್ಕೆ ಬಣ್ಣ ತಿಳಿಯುತ್ತದೆ ಎಂದು 1910ರ ದಶಕದಲ್ಲಿ ಸರಳ ಪ್ರಯೋಗಗಳಿಂದ ತೋರಿಸಿದವರು ಕಾರ್ಲ್ ಫಾನ್ ಫ್ರಿಶ್. 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ನಮ್ಮ ಕಣ್ಣಿನಂತೆ ಜೇನ್ನೊಣದ ಕಣ್ಣಿನಲ್ಲೂ ಮೂರು ಬಗೆಯ ಬಣ್ಣಗ್ರಾಹಿ ಕೋಶಗಳಿವೆ. ಆದರೆ ಅವು ಅತಿ ಹೆಚ್ಚು ಸ್ಪಂದಿಸುವ ತರಂಗದೂರಗಳು ಸುಮಾರು 340, 440 ಮತ್ತು 540 ನ್ಯಾನೋಮೀಟರ್. ಅಂದರೆ ಅತಿನೇರಿಳೆ, ನೀಲಿ, ಹಸಿರು. ಕೆಂಪು ಅವುಗಳ ಪಾಲಿಗೆ ಹೆಚ್ಚುಕಡಿಮೆ ಕಪ್ಪು. ನಮಗೆ ಹಳದಿಯಾಗಿ ಮಾತ್ರ ಕಾಣುವ ಎಷ್ಟೋ ಹೂಗಳಲ್ಲಿ ಅತಿನೇರಿಳೆ ಬೆಳಕಿನಲ್ಲಷ್ಟೇ ತೋರುವ ಗೆರೆಗಳೂ ವೃತ್ತಗಳೂ ಇದ್ದು, ಮಕರಂದದ ದಾರಿ ತೋರಿಸುತ್ತವೆ.

ಉದ್ಯಾನಕ್ಕೆ ಬೀಜ ಆರಿಸುವಾಗ ಈ ಕಣ್ಣನ್ನು ನಾವು ಲೆಕ್ಕಕ್ಕೆ ಇಡುವುದಿಲ್ಲ. ಸುತ್ತುದಳದ ಚೆಂಡುಹೂ ನೋಡಲು ತುಂಬಿಕೊಂಡಿರುತ್ತದೆ. ಆದರೆ ಒಂಟಿದಳದ ಹೂವನ್ನು ಸುತ್ತುದಳದ್ದಾಗಿ ಮಾಡುವಾಗ, ಪರಾಗ ಮತ್ತು ಮಕರಂದ ನೀಡುವ ಒಳಹೂಗಳ ಜಾಗವನ್ನೇ ಅನೇಕ ಬಾರಿ ಎಸಳುಗಳಿಗೆ ಬಿಟ್ಟುಕೊಟ್ಟಿರುತ್ತೇವೆ. ನೊಣ ಬರುತ್ತದೆ, ಸುತ್ತುತ್ತದೆ, ಬರಿಗೈಯಲ್ಲಿ ಹೋಗುತ್ತದೆ. ನಾವು ಅದನ್ನೂ ಒಂದು ಭೇಟಿ ಎಂದು ಎಣಿಸುತ್ತೇವೆ!

ಋತು ಮತ್ತು ನೀರು

ಮಳೆಗಾಲದಲ್ಲಿ ಬಿತ್ತಿದ ಬೀಜ ಮಳೆ ಹಿಂದೆಗೆಯುವ ಹೊತ್ತಿಗೆ ಹೂಬಿಡುತ್ತದೆ. ಇದೇ ಹೊತ್ತಿಗೆ ಬದು, ಬೇಲಿ, ರಸ್ತೆಯಂಚುಗಳಲ್ಲಿ ತುಂಬೆ, ವಿಷ್ಣುಕ್ರಾಂತಿ, ನೆಗ್ಗಿಲು ತಾವಾಗಿಯೇ ಅರಳಿರುತ್ತವೆ. ಉಂಡವನಿಗೇ ಮತ್ತೊಂದು ಎಲೆ ಹಾಕಿದಂತೆ. ಎರಡು ಮೂರು ತಿಂಗಳಲ್ಲಿ ಬಯಲು ಒಣಗುತ್ತದೆ. ಬೇಸಿಗೆಯಲ್ಲೂ ಹೂ ಬೇಕೆಂದರೆ ನೀರುಣಿಸಬೇಕು. ಎಷ್ಟು? ಬಿಸಿಲಿನ ದಿನ ಎಲೆ ಮತ್ತು ಮಣ್ಣಿನಿಂದ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎನ್ನೋಣ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನಮ್ಮ ಕಾಲು ಎಕರೆಗೆ ದಿನಕ್ಕೆ 5000 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಜಗಳೂರಿನಂಥ ಬರಪೀಡಿತ ಊರಿನಲ್ಲಿ ಬೇಸಿಗೆಯ ದಿನ ಹೂವಿಗೆ ಒಂದು ಟ್ಯಾಂಕರ್ ನೀರು ಕೇಳುವ ಧೈರ್ಯ ನನಗಿಲ್ಲ.

ಬೇಸಿಗೆಯ ಜೇನಿಗೆ ಊಟವಿಕ್ಕುವುದು ಇಲ್ಲಿ ಮರಗಳು. ಹೊಂಗೆ, ಬೇವು, ನೇರಳೆ, ಹುಣಸೆ ಇವು ಆಳದ ನೀರನ್ನು ಬೇರಿನಿಂದ ಎಳೆದು ಬಿರುಬಿಸಿಲಿನಲ್ಲೇ ಒಂದರ ಹಿಂದೊಂದು ಹೂಬಿಡುತ್ತವೆ. ಏಪ್ರಿಲ್ ಬೆಳಿಗ್ಗೆ ಹೂಬಿಟ್ಟ ಹೊಂಗೆಮರದ ಕೆಳಗೆ ನಿಂತವರಿಗೆ ಆ ಮೊರೆತ ಗೊತ್ತು. ಮರವೊಂದು ನೆಲದಲ್ಲಿ ಹಿಡಿಯುವ ಜಾಗ ಒಂದು ಚಾಪೆಯಷ್ಟು. ಹೂವಿನ ಪದರ ಮಾತ್ರ ಒಂದರ ಮೇಲೊಂದು ಹತ್ತಾರು. ಬೇಲಿಯಂಚಿನ ಹೊಂಗೆಯನ್ನು ಕಡಿದು, ಅದರ ಜಾಗದಲ್ಲಿ ಹೂಬೀಜ ಬಿತ್ತಿ, ‘ಜೇನುಸ್ನೇಹಿ’ ಎಂದು ಫಲಕ ನೆಟ್ಟರೆ ಅದು ಲೆಕ್ಕ ತಪ್ಪಿದ ಸ್ನೇಹ.

ಊಟವಿದೆ, ಮನೆಯೆಲ್ಲಿ?

‘ಜೇನು’ ಎಂದಾಗ ನಾವು ನೆನೆಯುವುದು ತುಡುವೆ, ಹೆಜ್ಜೇನು, ಕೋಲ್ಜೇನು ಮತ್ತು ಚುಚ್ಚದ ಮುಜಂಟಿಯನ್ನು. ಆದರೆ ಜಗತ್ತಿನಲ್ಲಿ ಜೇನು ಬಳಗದ ಪ್ರಭೇದಗಳು 20,000ದಷ್ಟಿವೆ. ಭಾರತದಲ್ಲೇ 700ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲು ಗುಂಪು ಕಟ್ಟದೆ ಒಂಟಿಯಾಗಿ ಬಾಳುತ್ತವೆ, ನೆಲದಲ್ಲಿ ಬಿಲ ತೋಡುತ್ತವೆ. ನೀಲಿ ಪಟ್ಟೆಯ ದುಂಬಿಗೆ ಬರಿಮಣ್ಣು ಅಥವಾ ಮಣ್ಣಿನ ಗೋಡೆ ಬೇಕು. ಕರಿಯ ಮರಕೊರಕ ದುಂಬಿಗೆ ಒಣಗಿದ ಕೊಂಬೆ ಅಥವಾ ಬಿದಿರು ಬೇಕು.

ಈ ದುಂಬಿಗಳ ಕೆಲಸ ಭೌತವಿಜ್ಞಾನದ ವಿದ್ಯಾರ್ಥಿಗೆ ರುಚಿಸುವಂಥದು. ಬದನೆ, ಟೊಮೇಟೊ ಮತ್ತು ನಮ್ಮ ಬಯಲಿನ ತಂಗಡಿ ಹೂಗಳ ಪರಾಗಕೋಶ ಉಪ್ಪಿನ ಡಬ್ಬಿಯಂತೆ. ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತದೆ. ಆ ಕಂಪನಕ್ಕೆ ಪರಾಗ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬಾರದು. ಪೆಟ್ಟಿಗೆಯ ಜೇನನ್ನಷ್ಟೇ ಎದುರಿಗಿಟ್ಟುಕೊಂಡ ಉದ್ಯಾನ ಬದನೆ ಬೆಳೆಗಾರನ ಈ ಸಹಾಯಕರನ್ನು ಮರೆತಂತಾಗುತ್ತದೆ.

ಪಟ್ಟಣದ ಉದ್ಯಾನಗಳಲ್ಲಿ ಏನು ನಡೆಯುತ್ತದೆ? ಕಾಲುದಾರಿಗೆ ಸಿಮೆಂಟ್ ಹಾಸು, ಬರಿನೆಲಕ್ಕೆ ಹುಲ್ಲುಹಾಸು, ಒಣಕೊಂಬೆ ಕಂಡರೆ ಸೌದೆ, ಹುಳು ಕಂಡರೆ ಔಷಧಿ. ನೀರಿನ ಟ್ಯಾಂಕಿಗೋ ಎತ್ತರದ ಮರಕ್ಕೋ ಹೆಜ್ಜೇನು ಕಟ್ಟಿದರೆ ರಾತ್ರಿ ಬೆಂಕಿ ಹಿಡಿಯುವುದೂ ಉಂಟು. ಹೆಜ್ಜೇನಿನ ದಾಳಿ ಪ್ರಾಣಾಪಾಯದ ಸಂಗತಿ. ಜನ ಓಡಾಡುವ ಕಡೆ ಎಚ್ಚರಿಕೆ ಬೇಕೇ ಬೇಕು. ಆದರೆ ಕೆಳಗೆ ಹೂ ಬಿತ್ತಿ ಕರೆದು, ಮೇಲೆ ಪಂಜು ಹಿಡಿದು ಸುಡುವುದು ಯಾವ ಯೋಜನೆ? ಋತು ಮುಗಿದಾಗ ಹೆಜ್ಜೇನು ತಾನಾಗಿ ವಲಸೆ ಹೋಗುತ್ತದೆ. ಅಲ್ಲಿಯವರೆಗೆ ಆ ಮೂಲೆಗೆ ಹಗ್ಗ ಕಟ್ಟಿ, ಹೊಗೆ ಮತ್ತು ಪಟಾಕಿ ತಡೆದರೆ ಅನೇಕ ಕಡೆ ಸಾಕಾಗುತ್ತದೆ.

ಹೂವೊಂದಿದ್ದರೆ ಸಾಲದು ಎನ್ನಲು ಕರ್ನಾಟಕದ್ದೇ ಎರಡು ನಿದರ್ಶನಗಳಿವೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹಬ್ಬಿ ರಾಜ್ಯದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಆಗ ಹೂವಿಗೇನೂ ಬರವಿರಲಿಲ್ಲ. ಎರಡನೆಯದು, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸಂಶೋಧಕರು ನಗರದ ಹೆಜ್ಜೇನುಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ. ಟೆಕೋಮ ಎಂಬ ಹಳದಿ ಗಂಟೆಯಾಕಾರದ ಹೂಗಳಿಗೆ ಬಂದ ಹೆಜ್ಜೇನುಗಳನ್ನು ಬೇರೆ ಬೇರೆ ಮಟ್ಟದ ವಾಯುಮಾಲಿನ್ಯದ ತಾಣಗಳಲ್ಲಿ ಹಿಡಿದು ಪರೀಕ್ಷಿಸಿದಾಗ, ಹೆಚ್ಚು ಮಾಲಿನ್ಯದ ತಾಣಗಳ ನೊಣಗಳಲ್ಲಿ ಶೇಕಡಾ 80ಕ್ಕೂ ಮಿಕ್ಕಿ 24 ಗಂಟೆಗಳೊಳಗೆ ಸತ್ತವು. ಹೂ ಅದೇ, ನೊಣ ಅದೇ, ಗಾಳಿ ಬೇರೆ. ಹೆದ್ದಾರಿಯ ಮಗ್ಗುಲಲ್ಲಿ ಹೂಬಯಲು ಬಿತ್ತುವವರು ಇದನ್ನು ಒಮ್ಮೆ ಯೋಚಿಸಬೇಕು.

ಬಿತ್ತದ ಹೂಬಯಲು

ಇಷ್ಟು ಹೇಳಿದ ಮೇಲೆ ಮುಖ್ಯ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನವರು ಮರಳಿ ಪಡೆಯಲು ಹವಣಿಸುತ್ತಿರುವಂಥದ್ದು ನಮ್ಮಲ್ಲೂ ಇತ್ತು, ಇನ್ನೂ ಅಷ್ಟಿಷ್ಟು ಉಳಿದಿದೆ. ಅದಕ್ಕೆ ನಾವಿಟ್ಟ ಹೆಸರು ಮಾತ್ರ ಬೇರೆ.

ಒಂದು, ಅಕ್ಕಡಿ ಸಾಲು. ರಾಗಿ, ಜೋಳದ ಹೊಲದಲ್ಲಿ ಕೆಲವು ಸಾಲಿಗೊಮ್ಮೆ ಹುಚ್ಚೆಳ್ಳು, ಅವರೆ, ತೊಗರಿ, ಅಲಸಂದೆ ಬಿತ್ತುವ ಪದ್ಧತಿ. ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟದು, ಕೀಟ ಬರಲೇಬೇಕು. ಅದಕ್ಕೇ ಅದರ ಹಳದಿ ಸಾಲಿನಲ್ಲಿ ಜೇನಿನ ಸಂತೆ. ಯುರೋಪಿನ ಹಲವು ದೇಶಗಳು ಹೊಲದಂಚಿಗೆ ಹೂಪಟ್ಟಿ ಬಿತ್ತಿರೆಂದು ಇಂದು ರೈತರಿಗೆ ಹಣ ಕೊಡುತ್ತವೆ. ನಮ್ಮ ರೈತ ಅದನ್ನೇ ಎಣ್ಣೆಗೂ ಬೇಳೆಗೂ ಎಂದು ತಾನಾಗಿ ಮಾಡುತ್ತಿದ್ದ. ದಾವಣಗೆರೆ ಜಿಲ್ಲೆಯಲ್ಲಿ ಈಗ ಎಲ್ಲೆಡೆ ಮೆಕ್ಕೆಜೋಳ. ಅದು ಗಾಳಿಯಿಂದ ಪರಾಗಸ್ಪರ್ಶವಾಗುವ ಬೆಳೆ. ಸೂಲಂಗಿಯಲ್ಲಿ ಪರಾಗ ಸಿಕ್ಕೀತು, ಮಕರಂದ ಇಲ್ಲ. ಅಕ್ಕಡಿಯಿಲ್ಲದ ಮೆಕ್ಕೆಜೋಳದ ಹೊಲ ಜೇನಿನ ಪಾಲಿಗೆ ಹಸಿರಾದ ಬರಡು. ಬೀಜೋಪಚಾರಕ್ಕೂ ಸಿಂಪಡಣೆಗೂ ಬಳಸುವ ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸದಂತೆ ಯುರೋಪಿನ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಇಮಿಡಾಕ್ಲೋಪ್ರಿಡ್‌ನಂಥವು ನಮ್ಮಲ್ಲಿ ಬಳಕೆಯಲ್ಲಿವೆ.

ಎರಡು, ಗೋಮಾಳ, ಕಾವಲು, ಹುಲ್ಲುಬನ್ನಿ. ಕಂದಾಯದ ಕಡತ ಹುಲ್ಲುಬನ್ನಿಯನ್ನು ‘ಖರಾಬು’ ಎನ್ನುತ್ತದೆ. ಉಳುಮೆಗೆ ಬಾರದ್ದು ಖರಾಬು; ಸರಿ, ಅದು ತೆರಿಗೆಯ ಭಾಷೆ. ಆ ಭಾಷೆ ನಮ್ಮ ಕಣ್ಣನ್ನೂ ಕೆಡಿಸಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬಿನ ಆ ಜಿಂಕೆಗೆ ಸಿಕ್ಕ ಮನ್ನಣೆ ಇಂಥ ನೆಲದ ಹೂವಿಗೂ ದುಂಬಿಗೂ ನೆರಳಾಯಿತು. ಧಾಮದ ಹೊರಗಿನ ಕುರುಚಲಿಗೆ ಆ ಭಾಗ್ಯವಿಲ್ಲ. ತಂಗಡಿ, ಎಲಚಿ, ಕಾರೆ, ಜಾಲಿಗಳ ಬಯಲನ್ನು ‘ಪಾಳು’ ಎಂದು ಅಗೆದು ಒಂದೇ ಜಾತಿಯ ಸಸಿ ನೆಡುತ್ತೇವೆ, ಇಲ್ಲವೇ ನಿವೇಶನ ಮಾಡುತ್ತೇವೆ. ಮತ್ತೆ ಪಟ್ಟಣದ ಉದ್ಯಾನದಲ್ಲಿ ಕಾಲು ಎಕರೆ ‘ಕಾಡುಹೂ’ ಬಿತ್ತುತ್ತೇವೆ. ಬಿತ್ತುವ ಮುನ್ನ ತುಂಬೆಯನ್ನು ಕಳೆಯೆಂದು ಕೀಳುತ್ತೇವೆ!

ಹಾಗಾದರೆ ಏನು ಮಾಡೋಣ?

ಉದ್ಯಾನ ಬೇಡವೆಂದಲ್ಲ. ಅದರ ಕೆಲಸ ಏನೆಂದು ಸರಿಯಾಗಿ ಗುರುತಿಸೋಣ. ಮಕ್ಕಳು ದುಂಬಿಯನ್ನು ಹತ್ತಿರದಿಂದ ನೋಡಲು, ಹೆದರಿಕೆ ಬಿಡಲು, ಎಣಿಸಲು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ಮಟ್ಟಿಗೆ ಕಾಲು ಎಕರೆಯ ಹೂಬಯಲು ಒಂದು ಪ್ರಯೋಗಶಾಲೆ. ಬೀಜ ದೂರದಿಂದ ತರಿಸಬೇಕಿಲ್ಲ; ಹುಚ್ಚೆಳ್ಳು, ಎಳ್ಳು, ಕೊತ್ತಂಬರಿ, ತುಳಸಿ ಸಾಕು. ಒಂದು ಪಟ್ಟಿಯನ್ನು ಬಿತ್ತದೆ, ಕೀಳದೆ, ಹೂ ಮುಗಿಯುವವರೆಗೆ ಕತ್ತರಿಸದೆ ಬಿಡಿ. ಬಿಸಿಲು ಬೀಳುವ ಕಡೆ ಒಂದು ಚಾಪೆಯಗಲ ಬರಿಮಣ್ಣು, ಮೂಲೆಯಲ್ಲಿ ನಾಲ್ಕು ಒಣಕೊಂಬೆ, ಕಲ್ಲು ಹಾಕಿದ ಅಗಲ ತಟ್ಟೆಯಲ್ಲಿ ನೀರು, ಅಂಚಿಗೆ ಹೊಂಗೆ, ನೇರಳೆ, ಬೇವು.

ಆಮೇಲೆ ಎಣಿಸಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಒಂದೊಂದು ಶಾಲೆ ಕೈಜೋಡಿಸಿದರೆ ಅಡಿಕೆ, ಭತ್ತ, ಮೆಕ್ಕೆಜೋಳ, ಕುರುಚಲು ಎಂಬ ನಾಲ್ಕು ಬಗೆಯ ನೆರೆಹೊರೆ ಒಂದೇ ಪ್ರಯೋಗದಲ್ಲಿ ಸಿಗುತ್ತದೆ. ಬಿತ್ತಿದ ಪಟ್ಟಿ, ಬಿಟ್ಟ ಪಟ್ಟಿ, ಹೂಬಿಟ್ಟ ಒಂದು ಮರ, ಊರಾಚೆಯ ಒಂದು ಬದು, ಈ ನಾಲ್ಕು ಕಡೆ ಹತ್ತು ಹತ್ತು ನಿಮಿಷ, ತಿಂಗಳಿಗೆ ಎರಡು ದಿನ, ಒಂದೇ ಹೊತ್ತಿನಲ್ಲಿ ಎಣಿಕೆ. ತುಡುವೆ, ಹೆಜ್ಜೇನು, ಕೋಲ್ಜೇನು, ಮುಜಂಟಿ, ಇತರ ದುಂಬಿ ಎಂದು ಐದು ಕಲಮು. ಬಿತ್ತುವ ಹಿಂದಿನ ವರ್ಷವೂ ಎಣಿಸಿರಬೇಕು. ಹೋಲಿಕೆಗೆ ಬೇಕಾದ ಅರ್ಧ ಅಲ್ಲಿದೆ. ಕೊನೆಯದಾಗಿ ಗೂಡುಗಳನ್ನೂ ಎಣಿಸಿ. ಬರಿಮಣ್ಣಿನ ಬಿಲಗಳು, ಕೊಂಬೆಯ ರಂಧ್ರಗಳು, ಗೋಡೆಯ ಸಂದಿನ ಮುಜಂಟಿ ಗೂಡುಗಳು. ಹೂವಿನ ಮೇಲಿನ ಸಂಖ್ಯೆ ಸೆಳೆತವನ್ನು ಹೇಳುತ್ತದೆ. ವರ್ಷದಿಂದ ವರ್ಷಕ್ಕೆ ಗೂಡಿನ ಸಂಖ್ಯೆ ಏರಿದರೆ ಮಾತ್ರ ಜೇನು ಹೆಚ್ಚಿತು ಎನ್ನಬಹುದು.

‘ಅದಕ್ಕೆ ಮುಂಚೆ ಅವು ಎಲ್ಲಿದ್ದವು’ ಎಂದು ಕೇಳಿದ ಆ ಹುಡುಗಿಗೆ ಈಗ ಉತ್ತರ ಹೇಳಬಲ್ಲೆ. ಅವು ಬದುವಿನ ತುಂಬೆಯಲ್ಲಿದ್ದವು, ಬೇಲಿಯ ಹೊಂಗೆಯಲ್ಲಿದ್ದವು, ಹುಲ್ಲುಬನ್ನಿಯ ತಂಗಡಿಯಲ್ಲಿದ್ದವು. ಆ ಜಾಗಗಳು ಉಳಿದಿದ್ದರೆ ಉದ್ಯಾನಕ್ಕೂ ಬರುತ್ತವೆ. ಅವು ಹೋದ ಮೇಲೆ ಎಷ್ಟು ಬೀಜ ಬಿತ್ತಿದರೂ ಅದು ಹುತ್ತವಿಲ್ಲದ ಊರಿನಲ್ಲಿ ಹಚ್ಚಿಟ್ಟ ದೀಪ. ಮುಂದಿನ ಪ್ರದರ್ಶನದಲ್ಲಿ ಬಹುಮಾನ ಸೂಚಿಸುವ ಅವಕಾಶ ಸಿಕ್ಕರೆ, ಕಂಬಗಳ ಚಿತ್ರಕ್ಕಿಂತ ಮೊದಲು ಆ ಪ್ರಶ್ನೆಗೆ ಕೊಡುತ್ತೇನೆ.